ಹಾರ್ನಿಗೆ ಮೊದಲು ಹೊಟ್ಟೆ ತುಂಬ ಕರೆಂಟು ಕೊಡಿ

ಮಳೆ ಹಿಡಿದ ಮೇಲೆ ನನ್ನ ಅಂಗಡಿಗೂ ಈ ಅಂಕಣಕ್ಕೂ ಒಂದೇ ದೂರು: ಹಾರ್ನ್ ಕೂಗುತ್ತಿಲ್ಲ, ಜೋರಾದದ್ದು ಯಾವುದು ಹಾಕಿಸಲಿ? ಹಾಸನದ ಬಿ.ಎಂ. ರಸ್ತೆಯಲ್ಲಿ ಆಟೊ ಎಲೆಕ್ಟ್ರಿಕಲ್ ಕೆಲಸಕ್ಕೆ ಕೂತು 28 ವರ್ಷವಾಯಿತು. ಸಕಲೇಶಪುರ, ಬೇಲೂರು, ಆಲೂರು ಕಡೆಯ ಗಾಡಿಗಳೇ ನನ್ನ ಹತ್ತಿರ ಜಾಸ್ತಿ. ತಿರುವು, ಮಂಜು, ಮಳೆ ಮೂರೂ ಇರುವ ದಾರಿಯವರಿಗೆ ಹಾರ್ನ್ ಅಂದರೆ ಬ್ರೇಕಿನಷ್ಟೇ ಮುಖ್ಯ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಹಾರ್ನಿಗೇ.

ಪ್ರಶ್ನೆ: ನಾನು ಕೊಟ್ಟಿಗೆಹಾರದವನು. ಉಜಿರೆಯಲ್ಲಿ ಹೋಟೆಲ್ ಕೆಲಸ. ವಾರಕ್ಕೆ ಎರಡು ಸಲ ಸ್ಪ್ಲೆಂಡರ್‌ನಲ್ಲಿ ಚಾರ್ಮಾಡಿ ಘಾಟಿ ಇಳಿದು ಹತ್ತುತ್ತೇನೆ. ಹಳೇ ಹಾರ್ನ್ ಸಾಲದು ಅಂತ ಆನ್‌ಲೈನ್‌ನಲ್ಲಿ ಶಂಖದ ಆಕಾರದ ಜೋಡಿ ಹಾರ್ನ್ ತರಿಸಿ, ಹಳೇ ವೈರಿಗೇ ಹಾಕಿಸಿದೆ. ಎರಡು ದಿನ ಚೆನ್ನಾಗಿತ್ತು. ಆಮೇಲೆ ಗಂಟಲು ಕಟ್ಟಿದ ಹಾಗೆ ಕೂಗತೊಡಗಿತು, ಫ್ಯೂಸ್ ಹಾರಿತು. ಹಾಕಿಕೊಟ್ಟ ಹುಡುಗ ದಪ್ಪ ಫ್ಯೂಸ್ ಹಾಕಿದ. ಈಗ ಹಾರ್ನ್ ಒತ್ತಿದರೆ ಇಂಡಿಕೇಟರ್ ಮಂಕಾಗುತ್ತದೆ, ಸ್ವಿಚ್ಚು ಬಿಸಿಯಾಗುತ್ತದೆ. ಇನ್ನೂ ಒಳ್ಳೆಯ ಹಾರ್ನ್ ಯಾವುದು ಹೇಳಿ.

ಉತ್ತರ: ಹೊಸ ಹಾರ್ನಿನ ಮಾತು ಆಮೇಲೆ. ಇವತ್ತೇ ಆ ದಪ್ಪ ಫ್ಯೂಸ್ ಕಿತ್ತು, ಕಂಪನಿ ಕೊಟ್ಟ ಅಳತೆಯದ್ದು ಹಾಕಿ. ಜೋಡಿ ಹಾರ್ನಿನ ವೈರ್ ಬಿಚ್ಚಿ, ಹಳೇ ಹಾರ್ನನ್ನೇ ಸದ್ಯಕ್ಕೆ ಸಿಕ್ಕಿಸಿ. ಮೊದಲು ಹಾರಿದ ಫ್ಯೂಸ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಅದರ ಜಾಗಕ್ಕೆ ದಪ್ಪದ್ದು ಬಂದಮೇಲೆ ಬಿಸಿ ತಡೆಯುವವರು ಯಾರೂ ಇಲ್ಲ. ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಹಾದುಹೋಗುವ ವೈರೇ ಸುಡಬೇಕು. ಸ್ವಿಚ್ಚು ಬಿಸಿಯಾಗುತ್ತಿದೆ ಅಂದರೆ ಆ ದಾರಿಯಲ್ಲಿ ಅರ್ಧ ಹೋಗಿಯಾಗಿದೆ.

ಆಗಿರುವುದು ಇಷ್ಟು. ಗಾಡಿಯ ಜೊತೆ ಬಂದ ತಟ್ಟೆ ಹಾರ್ನ್ ಎಳೆಯುವುದು 2 ಆಂಪಿಯರ್ ಆಸುಪಾಸು. ವೈರಿನ ದಪ್ಪ, ಸ್ವಿಚ್ಚಿನ ಒಳಗಿನ ಪಾಯಿಂಟು ಎಲ್ಲವನ್ನೂ ಕಂಪನಿಯವರು ಅಷ್ಟಕ್ಕೆ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಶಂಖದ ಹಾರ್ನ್ ಒಂದೊಂದೂ 4ರಿಂದ 5 ಆಂಪಿಯರ್ ಕೇಳುತ್ತದೆ, ಜೋಡಿಗೆ 8ರಿಂದ 10. ಕುಡಿಯುವ ನೀರಿನ ಸಣ್ಣ ಪೈಪಿನಲ್ಲಿ ತೋಟಕ್ಕೆ ನೀರು ಹಾಯಿಸಲು ಹೋದ ಹಾಗೆ. ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದರೂ ಹಾರ್ನಿನ ಬಾಯಿಗೆ ಮುಟ್ಟುವಾಗ 9 ಉಳಿದಿರುತ್ತದೆ. ಹಾರ್ನಿನ ಹೊಟ್ಟೆಯೊಳಗೆ ಒಂದು ಕಾಯಿಲ್, ಒಂದು ಜೊತೆ ಪಾಯಿಂಟ್, ಮುಂದೆ ಉಕ್ಕಿನ ತೆಳು ತಗಡು. ಕರೆಂಟ್ ಬಂದ ಕೂಡಲೇ ಕಾಯಿಲ್ ತಗಡನ್ನು ಎಳೆಯುತ್ತದೆ, ಪಾಯಿಂಟ್ ಬಿಡುತ್ತದೆ, ತಗಡು ವಾಪಸ್ ಚಿಮ್ಮುತ್ತದೆ, ಪಾಯಿಂಟ್ ಮತ್ತೆ ಕೂಡುತ್ತದೆ. ಇದು ಸೆಕೆಂಡಿಗೆ 400 ಸಲದ ಆಸುಪಾಸು ನಡೆಯಬೇಕು. 9 ವೋಲ್ಟಿನಲ್ಲಿ ಆ ಎಳೆತಕ್ಕೆ ಕಸುವಿಲ್ಲ. ಗಂಟಲು ಕಟ್ಟಿದ ಸದ್ದು ಅಲ್ಲಿಂದ ಬರುವುದು.

ನನ್ನ ಅಂಗಡಿಯಲ್ಲಿ ಯಾರೇ ಹಾರ್ನ್ ಕೇಳಿ ಬಂದರೂ ನಾನು ಮೊದಲು ಮೀಟರ್ ಹಿಡಿಯುತ್ತೇನೆ. ನೀವೂ ಹಿಡಿಯಬಹುದು, ಸಾಧಾರಣ ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿಸಿಗೆ ತಿರುಗಿಸಿ, ಹಾರ್ನಿನ ಎರಡು ಕಡ್ಡಿಗಳಿಗೆ ಎರಡು ಪಿನ್ನು ಮುಟ್ಟಿಸಿ. ವೈರ್ ಬಿಚ್ಚಬೇಡಿ, ಸಿಕ್ಕಿಸಿಯೇ ಇರಲಿ. ಇಂಜಿನ್ ಸ್ಟಾರ್ಟ್ ಮಾಡಿ ಹಾರ್ನ್ ಒತ್ತಿ. ಅಂಕಿ ಸ್ವಲ್ಪ ಕುಣಿಯುತ್ತದೆ, ಅದಕ್ಕೆ ಗಾಬರಿ ಬೇಡ. 11.5ಕ್ಕಿಂತ ಮೇಲಿದ್ದೂ ಸದ್ದು ಸಣ್ಣಗಿದ್ದರೆ ಹಾರ್ನ್ ಹಾಳು. 10ಕ್ಕಿಂತ ಕೆಳಗಿದ್ದರೆ ಎಷ್ಟೇ ದುಬಾರಿ ಹಾರ್ನ್ ತಂದರೂ ಅದೇ ಗೋಳು. ಹೊಸ ಹಾರ್ನ್ ಬೇಕು ಅಂತ ಬಂದವರಲ್ಲಿ ಎಷ್ಟೋ ಜನರನ್ನು ನಾನು ವೈರ್ ಸರಿಮಾಡಿ, ಹಳೇ ಹಾರ್ನಿನ ಜೊತೆಗೇ ಕಳಿಸಿದ್ದೇನೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2009ರ ಜುಲೈನಲ್ಲಿ ನಾನೇ ಬಿಸಿಲೆ ಘಾಟಿಯಲ್ಲಿ ಬರುತ್ತಿದ್ದೆ. ಮಧ್ಯಾಹ್ನ ಮೂರು ಗಂಟೆಗೇ ಕತ್ತಲು ಕವಿದ ಹಾಗೆ ಮಂಜು. ತಿರುವಿನಲ್ಲಿ ಹಾರ್ನ್ ಒತ್ತಿದೆ. ಕ್ಲಿಕ್ ಅಂತಲೂ ಅನ್ನಲಿಲ್ಲ. ಎದುರಿನಿಂದ ತೋಟದ ಆಳುಗಳನ್ನು ತುಂಬಿಕೊಂಡ ಜೀಪು ಬಂತು. ಗಾಡಿಯನ್ನು ಚರಂಡಿಗೆ ಇಳಿಸಿದೆ, ಎಡ ಮೊಣಕೈ ಮುರಿಯಿತು. ಆ ಜೀಪಿನಲ್ಲಿ ಸಣ್ಣ ಮಕ್ಕಳೂ ಇದ್ದರು. ಕೈ ಸರಿಹೋದ ಮೇಲೆ ಹಾರ್ನ್ ಬಿಚ್ಚಿ ನೋಡಿದರೆ, ಹಾರ್ನ್ ಹೊಸದು, ಒಳ್ಳೆಯದು. ಅದರ ಕಡ್ಡಿಗೆ ಸಿಕ್ಕಿಸಿದ್ದ ಥಿಂಬಲ್, ಅಂದರೆ ವೈರಿನ ತುದಿಯ ಲೋಹದ ಕ್ಲಿಪ್ಪು, ಹಸಿರು ಕಿಲುಬು ಹಿಡಿದು, ಒಳಗಿನ ತಾಮ್ರದ ಎಳೆಗಳು ಪುಡಿಯಾಗಿದ್ದವು. ಬೆರಳಲ್ಲಿ ಎಳೆದರೆ ವೈರ್ ಕೈಗೆ ಬಂತು. ಆ ಥಿಂಬಲ್ ಇವತ್ತಿಗೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.

ಈಗ ನಿಮ್ಮ ಗಾಡಿಗೆ ಏನು ಮಾಡಬೇಕು ಅಂತ ಹೇಳುತ್ತೇನೆ. ರಿಲೇ ಹಾಕಿಸಿ. ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬ್ಯಾಟರಿಯ ದೊಡ್ಡ ಕರೆಂಟನ್ನು ನೇರ ಹಾರ್ನಿಗೆ ಬಿಡುವ ಸಾಧನ ಅದು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ಡಬ್ಬಿ, ಕೆಳಗೆ ನಾಲ್ಕು ಕಡ್ಡಿ, ಪಕ್ಕದಲ್ಲಿ 30, 85, 86, 87 ಅಂತ ಸಂಖ್ಯೆ. ಹಳೇ ಹಾರ್ನಿಗೆ ಬರುತ್ತಿದ್ದ ಎರಡು ವೈರುಗಳನ್ನು ಹಾಗೇ ತಂದು 85ಕ್ಕೂ 86ಕ್ಕೂ ಸಿಕ್ಕಿಸಿ. ಕೆಲವು ಗಾಡಿಗಳಲ್ಲಿ ಸ್ವಿಚ್ಚು ಪ್ಲಸ್ ಕೊಡುತ್ತದೆ, ಕೆಲವದರಲ್ಲಿ ಅರ್ಥ್, ಅಂದರೆ ಮೈನಸ್ ಕೊಡುತ್ತದೆ. ಎರಡೂ ವೈರನ್ನು ಹೀಗೆ ತಂದುಬಿಟ್ಟರೆ ಆ ತಲೆನೋವೇ ಇಲ್ಲ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಳಗೆ ಇರುವ ರಿಲೇ ಆದರೆ ಮಾತ್ರ ಪ್ಲಸ್ ಯಾವುದು, ಮೈನಸ್ ಯಾವುದು ಅಂತ ನೋಡಬೇಕು. ಹಾಗಾಗಿ ಡಯೋಡ್ ಇಲ್ಲದ್ದನ್ನೇ ಕೇಳಿ ತನ್ನಿ. ಬ್ಯಾಟರಿಯ ಪ್ಲಸ್‌ನಿಂದ ದಪ್ಪ ವೈರ್ ಎಳೆದು 30ಕ್ಕೆ ಕೊಡಿ, 87ರಿಂದ ಹಾರ್ನಿಗೆ ಕೊಡಿ. ಹಾರ್ನಿನ ಇನ್ನೊಂದು ಕಡ್ಡಿಯಿಂದ ವಾಪಸ್ ಬ್ಯಾಟರಿಯ ಮೈನಸ್‌ಗೇ ವೈರ್ ಹೋಗಲಿ. ಚಾಸಿಸ್ ಬೋಲ್ಟಿಗೆ ಅರ್ಥ್ ಕೊಟ್ಟರೆ ಪೇಂಟು, ತುಕ್ಕು ಅಡ್ಡ ಬರುತ್ತವೆ. ನಮ್ಮ ಮಳೆಗೆ ಅದನ್ನು ನಂಬಲಾಗದು. ಒಂದು ಹಾರ್ನಿಗೆ 1.5 ಚದರ ಮಿಲಿಮೀಟರ್ ವೈರ್ ಸಾಕು, ಜೋಡಿಗೆ 2.5.

ಫ್ಯೂಸ್ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ, ಒಂದು ಗೇಣಿನ ಒಳಗೆ ಇರಬೇಕು. ಹಾರ್ನಿನ ಹತ್ತಿರ ಹಾಕಿದರೆ, ಮಧ್ಯದಲ್ಲಿ ವೈರ್ ಉಜ್ಜಿ ಚಾಸಿಸ್‌ಗೆ ತಾಗಿದಾಗ ಅದು ಕಾಯುವುದಿಲ್ಲ. ಒಂದು ಹಾರ್ನಿಗೆ 10 ಆಂಪಿಯರ್, ಜೋಡಿಗೆ 15. ರಿಲೇ ಡಬ್ಬಿಯ ಕಡ್ಡಿಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ. ಪ್ರತಿ ಥಿಂಬಲ್‌ಗೂ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ. ಇಷ್ಟಾದಮೇಲೆ ಸ್ವಿಚ್ಚಿನ ಮೇಲೆ ಬೀಳುವ ಹೊರೆ 0.2 ಆಂಪಿಯರ್ ಮಾತ್ರ, ಅದರ ಪಾಯಿಂಟು ಸುಡುವ ಮಾತೇ ಇಲ್ಲ.

ಕೊನೆಗೆ ಹಾರ್ನ್. ಸ್ಪ್ಲೆಂಡರ್ ಬ್ಯಾಟರಿ ಚಿಕ್ಕದು, ಚಾರ್ಜಿಂಗೂ ಅಷ್ಟಕ್ಕಷ್ಟೆ. ಅದಕ್ಕೆ ಜೋಡಿ ಬೇಡ. ಒಂದೇ ಸಮನಾದ ಎರಡು ಹಾರ್ನ್ ಕೂಡಿದರೆ ಸದ್ದಿನ ಅಳತೆಯಲ್ಲಿ ಏರುವುದು 3 ಡೆಸಿಬಲ್. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ 10 ಏರಬೇಕು. ಆ ಮೂರಕ್ಕಾಗಿ ಬ್ಯಾಟರಿಯನ್ನು ಯಾಕೆ ಹಿಂಡುವುದು? ನೀವು ತರಿಸಿದ ಜೋಡಿಯಲ್ಲಿ ಒಂದನ್ನೇ, ತೆಳು ದನಿಯದ್ದನ್ನು, ರಿಲೇ ಮೂಲಕ ಹಾಕಿ ನೋಡಿ. ಘಾಟಿಯ ತಿರುವಿನಲ್ಲಿ ಗಾಳಿ, ಮಳೆ, ಲಾರಿ ಇಂಜಿನ್ನಿನ ಗುಡುಗು ಎಲ್ಲ ದಪ್ಪ ಸದ್ದುಗಳೇ. ಅವುಗಳ ನಡುವೆ ತೆಳು ದನಿ ಸೀಳಿಕೊಂಡು ಹೋಗುತ್ತದೆ. ರಾತ್ರಿಯಾದರೆ ಹಾರ್ನಿಗಿಂತ ಮೊದಲು ಲೈಟ್ ಡಿಪ್-ಡಿಮ್ ಮಾಡಿ. ತಿರುವಿನ ಆಚೆಯವನಿಗೆ ಮಂಜಿನ ಮೇಲೆ ನಿಮ್ಮ ಬೆಳಕು ಮೊದಲು ಕಾಣುತ್ತದೆ.

ಪ್ರಶ್ನೆ: ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದಿನಾ 40 ಕಿ.ಮೀ. ಓಡಾಡುತ್ತೇನೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದೆ. ಗಾಜು ಏರಿಸಿ ಎಸಿ ಹಾಕಿಕೊಂಡ ಕಾರಿನವರಿಗೆ ನನ್ನ ಹಾರ್ನ್ ಕೇಳುವುದೇ ಇಲ್ಲ. ಡಬ್ಬಿಯ ಮೇಲೆ 150 ಡೆಸಿಬಲ್ ಎಂದು ಬರೆದ ಕಂಪ್ರೆಸರ್ ಹಾರ್ನ್ ನೋಡಿದೆ. ಹಾಕಿಸಲೇ? ಯಾವ ಕಂಪನಿ ಒಳ್ಳೆಯದು?

ಉತ್ತರ: 150ರ ಲೆಕ್ಕವನ್ನು ನಂಬಬೇಡಿ. ಎಷ್ಟು ದೂರದಿಂದ ಅಳೆದರು ಅಂತ ಬರೆಯದ ಡೆಸಿಬಲ್ಲಿಗೆ ಅರ್ಥವಿಲ್ಲ. ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಹೆಸರಿರುವ ಕಂಪನಿಗಳ ಡಬ್ಬಿಯ ಮೇಲೆ 2 ಮೀಟರ್ ದೂರದಲ್ಲಿ 105ರಿಂದ 118 ಡೆಸಿಬಲ್ ಎಂದಿರುತ್ತದೆ. ಅದು ಪ್ರಾಮಾಣಿಕ ಲೆಕ್ಕ, ಅಷ್ಟು ನಿಮಗೆ ಧಾರಾಳ.

ಕಂಪ್ರೆಸರ್ ಹಾರ್ನ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬೈಕಿಗೆ ಬೇಡ. ಅದರೊಳಗೆ ಪುಟ್ಟ ಮೋಟಾರು ಗಾಳಿ ಒತ್ತಬೇಕು. 15ರಿಂದ 20 ಆಂಪಿಯರ್ ಎಳೆಯುತ್ತದೆ. ಧೂಳು, ಮಳೆ ನೀರು ಒಳಹೊಕ್ಕರೆ ಮೋಟಾರು ಹಿಡಿದುಕೊಳ್ಳುತ್ತದೆ. ಹೀಗೆ ಹಿಡಿದುಕೊಂಡು ಬಂದವನ್ನು ನಾನು ಬಿಚ್ಚಿದ್ದೇನೆ, ಒಳಗೆ ಕೆಂಪು ಕೆಸರು ಕಟ್ಟಿತ್ತು. ಕೂಗದ ಜೋರು ಹಾರ್ನಿಗಿಂತ, ಒತ್ತಿದಾಗಲೆಲ್ಲ ಕೂಗುವ ಸಾಧಾರಣ ಹಾರ್ನ್ ಜೀವ ಉಳಿಸುತ್ತದೆ.

ನಿಮ್ಮ ಗಾಡಿಯ ಬ್ಯಾಟರಿ ಸ್ಪ್ಲೆಂಡರ್‌ಗಿಂತ ಬಹಳ ದೊಡ್ಡದು, ಜೋಡಿಯನ್ನು ಆರಾಮಾಗಿ ಹೊರುತ್ತದೆ. ಒಂದು ದಪ್ಪ ದನಿ, ಸುಮಾರು 400 ಹರ್ಟ್ಸ್, ಅಂದರೆ ಸೆಕೆಂಡಿಗೆ 400 ನಡುಕ. ಒಂದು ತೆಳು, ಸುಮಾರು 500. ಎರಡೂ ಸೇರಿದಾಗ ಕಾರಿನ ಹಾರ್ನಿನ ದನಿಯೇ ಬರುತ್ತದೆ. ಗಾಜಿನ ಒಳಗೆ ಕೂತವರಿಗೆ ದಪ್ಪ ದನಿ ಹೆಚ್ಚು ಇಳಿಯುತ್ತದೆ, ಹಿಂದಿರುವುದು ದೊಡ್ಡ ಗಾಡಿ ಅಂತ ಪಕ್ಕನೆ ಗಮನಿಸುತ್ತಾರೆ. ಯಾವ ಕಂಪನಿ ಅಂತ ಕೇಳಿದ್ದೀರಿ: ಕೊಯಮತ್ತೂರಿನ ರೂಟ್ಸ್, ಮಿಂಡಾ, ಬಾಷ್, ಹೆಲ್ಲಾ. ಈ ನಾಲ್ಕರಲ್ಲಿ ಯಾವುದನ್ನು ತಂದರೂ ಬೇಸರವಿಲ್ಲದೆ ಹಾಕಿಕೊಡುತ್ತೇನೆ. ನನ್ನದೇ ಗಾಡಿಯಲ್ಲಿ ಇರುವುದು ರೂಟ್ಸ್ ಶಂಖ, ಆರನೆಯ ಮಳೆಗಾಲ ನೋಡುತ್ತಿದೆ. ನಕಲಿ ಮಾಲು ವಿಪರೀತ ಇರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ. ಕೈಯಲ್ಲಿ ತೂಗಿ ನೋಡಿ. ಒಳಗೆ ತಾಮ್ರದ ಕಾಯಿಲ್ ಇರುವ ಹಾರ್ನ್ ಭಾರ ಇರುತ್ತದೆ.

ಕೂರಿಸುವಾಗ ಜೊತೆಗೆ ಬಂದ ಪಟ್ಟಿ ಬ್ರಾಕೆಟ್ಟನ್ನೇ ಬಳಸಿ. ಅದು ಬಳುಕುವುದು ದೋಷವಲ್ಲ. ಹಾರ್ನಿನ ಮೈಯೂ ನಡುಗಬೇಕು, ಆ ನಡುಕಕ್ಕೆ ಜಾಗ ಕೊಡಲೆಂದೇ ಸ್ಪ್ರಿಂಗ್ ತಗಡಿನಲ್ಲಿ ಮಾಡಿರುತ್ತಾರೆ. ವೆಲ್ಡಿಂಗ್ ಅಂಗಡಿಯಲ್ಲಿ ಗಟ್ಟಿ ಆಂಗಲ್ ಮಾಡಿಸಿ ಕ್ರ್ಯಾಶ್‌ಗಾರ್ಡಿಗೆ ಬಿಗಿದರೆ ಸದ್ದು ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಜೋರಾಗಿ ಅದುಮಿ. ಹಾರ್ನ್ ಎಲ್ಲಿಗೂ ತಾಗಬಾರದು. ನಿಂತ ಗಾಡಿಯಲ್ಲಿ ಎರಡು ಬೆರಳು ಜಾಗ ಕಂಡರೂ ಹಂಪ್ ಇಳಿದಾಗ ಮಡ್‌ಗಾರ್ಡ್ ಬಂದು ಶಂಖಕ್ಕೆ ಗುದ್ದುತ್ತದೆ.

ಪ್ರಶ್ನೆ: ಸಾಗರದಲ್ಲಿ ಉಪನ್ಯಾಸಕಿ. ನನ್ನ 125 ಸಿಸಿ ಬೈಕಿನ ಹಾರ್ನ್ ಮಳೆಯಲ್ಲಿ ನೆನೆದರೆ ಅಥವಾ ವಾಟರ್ ವಾಶ್ ಮಾಡಿಸಿದರೆ ಕೀರಲಾಗುತ್ತದೆ, ಒಣಗಿದರೆ ಸರಿಹೋಗುತ್ತದೆ. ಮೆಕ್ಯಾನಿಕ್ ಎರಡು ಸಲ ಬದಲಿಸಿದರು, ಮೂರನೆಯದೂ ಹಾಗೇ.

ಉತ್ತರ: ಮೂರು ಹಾರ್ನ್ ಒಂದೇ ರೀತಿ ಕೆಡುತ್ತಿವೆ ಅಂದರೆ ಕೂರಿಸಿದ ಕೋನ ನೋಡಬೇಕು. ಗಾಡಿಯ ಮುಂದೆ ಕೂತು ಹಾರ್ನಿನ ಮುಖ ಯಾವ ಕಡೆಗಿದೆ ನೋಡಿ. ಮೇಲಕ್ಕೆ ಇದ್ದರೆ ಅದು ಮಳೆ ನೀರಿಗೆ ಹಿಡಿದ ಬಟ್ಟಲು. ಬೋಲ್ಟ್ ಸಡಿಲಿಸಿ, ಮುಖ ಸ್ವಲ್ಪ ನೆಲದ ಕಡೆಗೆ ಬಾಗುವಂತೆ ತಿರುಗಿಸಿ ಬಿಗಿಯಿರಿ. 12 ನಂಬರ್ ಸ್ಪ್ಯಾನರ್ ಅಥವಾ 10 ಹಿಡಿಯುತ್ತದೆ, ಐದು ನಿಮಿಷದ ಕೆಲಸ, ನೀವೇ ಮಾಡಬಹುದು. ವಾಟರ್ ವಾಶ್ ಮಾಡುವವರಿಗೆ ಗನ್ನನ್ನು ಹಾರ್ನಿನ ಮುಖಕ್ಕೆ ಹಿಡಿಯಬೇಡಿ ಅಂತ ಹೇಳಿ. ಒಂದು ಪ್ಲಾಸ್ಟಿಕ್ ಚೀಲ ಕಟ್ಟಿಸಿದರೆ ಇನ್ನೂ ಒಳ್ಳೆಯದು.

ಆಮೇಲೂ ಕೀರಲಾದರೆ ಹಿಂಬದಿಯ ಸಣ್ಣ ಸ್ಕ್ರೂ ಇದೆ, ಅದು ಪಾಯಿಂಟಿನದು. ಎಷ್ಟಿತ್ತು ಅಂತ ಮೊದಲು ಪೇಂಟಿನಿಂದ ಒಂದು ಗೆರೆ ಎಳೆದುಕೊಳ್ಳಿ. ಯಾರಾದರೂ ಸ್ವಿಚ್ಚು ಒತ್ತುತ್ತಿರಲಿ, ನೀವು ಸ್ಕ್ರೂವನ್ನು ಸುತ್ತಿನ ಎಂಟನೇ ಒಂದು ಭಾಗದಷ್ಟು ತಿರುಗಿಸಿ ಕೇಳಿ. ಒಂದು ಕಡೆಗೆ ದನಿ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಕಡೆಗೆ ಟಕ್ ಅಂತ ನಿಲ್ಲುತ್ತದೆ. ಟಕ್ ಅಂದು ನಿಂತಲ್ಲಿ ಒತ್ತಿ ಹಿಡಿಯಬೇಡಿ, ಕಾಯಿಲ್ ಸುಡುತ್ತದೆ. ದನಿ ತೆರೆದ ಜಾಗದಲ್ಲಿ ಬಿಟ್ಟು, ಸ್ಕ್ರೂ ಮೇಲೆ ಒಂದು ಹನಿ ನೈಲ್ ಪಾಲಿಶ್ ಹಾಕಿ, ಅಲುಗುವುದಿಲ್ಲ. ಮುಖದ ನಟ್ಟನಡುವಿನ ನಟ್ಟನ್ನು ಮಾತ್ರ ಮುಟ್ಟಬೇಡಿ. ಅದು ತಗಡಿನ ಒಳಗಿನ ಅಂತರ ಹಿಡಿದಿರುವ ನಟ್ಟು. ಒಮ್ಮೆ ತಪ್ಪಿದರೆ ಮನೆಯಲ್ಲಿ ಸರಿಮಾಡಲು ಬರುವುದಿಲ್ಲ.

ಪ್ರಶ್ನೆ: ಮೈಸೂರಿನಿಂದ. ತಂದೆಯವರ ಹಳೇ ಯೆಜ್ಡಿ ಬೈಕನ್ನು ಸರಿಮಾಡಿಸಿ ಓಡಿಸುತ್ತಿದ್ದೇನೆ. ಹೊಸ ಹಾರ್ನ್ ಹಾಕಿಸಿದರೆ ಬರೀ ಗೊರ್ ಅನ್ನುತ್ತದೆ.

ಉತ್ತರ: ನಿಮ್ಮದು ಬಹುಶಃ 6 ವೋಲ್ಟ್ ಗಾಡಿ, ನಿಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೆಯವು ಹೆಚ್ಚಿನವು ಹಾಗೇ. ಬ್ಯಾಟರಿಯ ಮೇಲೆ ಬರೆದಿರುವುದನ್ನು ಓದಿ, ಇಲ್ಲವೇ ಮೀಟರ್ ಹಿಡಿದು ನೋಡಿ. ಅಂಗಡಿಯಲ್ಲಿ ಈಗ ಸುಲಭಕ್ಕೆ ಸಿಗುವುದೆಲ್ಲ 12 ವೋಲ್ಟ್ ಹಾರ್ನು. ಅರ್ಧ ಹೊಟ್ಟೆಗೆ ಅದು ಕೂಗುವುದಿಲ್ಲ. 6 ವೋಲ್ಟ್ ಹಾರ್ನ್ ಹಳೇ ಬೈಕಿನ ಬಿಡಿಭಾಗದವರ ಹತ್ತಿರ ಈಗಲೂ ಸಿಗುತ್ತದೆ. ತಂದೆಯವರ ಕಾಲದ ಮೂಲ ಹಾರ್ನ್ ಮನೆಯ ಅಟ್ಟದಲ್ಲಿ ಇದ್ದರೆ ಬಿಸಾಡಬೇಡಿ. ಪಾಯಿಂಟನ್ನು ಸಣ್ಣ ಉಪ್ಪುಕಾಗದದಿಂದ ಎರಡು ಸಲ ಸವರಿದರೆ ಅಂಥ ಎಷ್ಟೋ ಹಾರ್ನ್‌ಗಳು ಎದ್ದು ಕೂತಿವೆ.

ಪ್ರಶ್ನೆ: ಮಗ ಬೈಕಿಗೆ ಬೇರೆ ಬೇರೆ ರಾಗದ ಹಾರ್ನ್ ಬೇಕು ಅಂತ ಹಟ ಹಿಡಿದಿದ್ದಾನೆ. ಗಂಗಾವತಿಯಲ್ಲಿ ಎಲ್ಲರೂ ಹಾಕಿಸುತ್ತಾರೆ ಅನ್ನುತ್ತಾನೆ. ತಪ್ಪೇ?

ಉತ್ತರ: ತಪ್ಪು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಒಂದರ ಹಿಂದೆ ಒಂದು ಸ್ವರ ಬರುವ ಹಾರ್ನನ್ನೂ, ಕರ್ಕಶವಾಗಿ ಬೆಚ್ಚಿಬೀಳಿಸುವ ಸದ್ದಿನ ಸಾಧನವನ್ನೂ ಹಾಕಲೇಬಾರದು ಅನ್ನುತ್ತದೆ. ಹಾಕಿಕೊಡುವಂತೆ ಕೇಳಿ ಬಂದ ಹುಡುಗರನ್ನು ನಾನು ಕೂರಿಸಿ, ಚಹ ಕೊಟ್ಟು, ಒಂದು ಒಳ್ಳೆಯ ಶಂಖದ ಹಾರ್ನ್ ಕೇಳಿಸುತ್ತೇನೆ. ಹೆಚ್ಚಿನವರು ಅದನ್ನೇ ಹಾಕಿಸಿಕೊಂಡು ಹೋಗುತ್ತಾರೆ.

ಪ್ರಶ್ನೆ: ನಾನು ಹೆದ್ದಾರಿ ಪಕ್ಕದ ಸರ್ಕಾರಿ ಶಾಲೆಯ ಶಿಕ್ಷಕ. ನೀವು ಹಿಂದೆಯೂ ಜೋರು ಹಾರ್ನಿನ ಬಗ್ಗೆ ಬರೆದಿದ್ದಿರಿ. ನಮ್ಮ ಮೂರನೇ ತರಗತಿಯ ಮಕ್ಕಳು ಪಾಠ ಕೇಳುವುದು ಹೇಗೆ ಅಂತ ಯೋಚಿಸಿದ್ದೀರಾ?

ಉತ್ತರ: ಯೋಚಿಸಿದ್ದೇನೆ ಸರ್, ನಿಮ್ಮ ಪತ್ರ ಓದಿ ಇನ್ನೂ ಹೆಚ್ಚು ಯೋಚಿಸಿದೆ. ಶಾಲೆ, ಆಸ್ಪತ್ರೆ, ಕೋರ್ಟಿನ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ವಸತಿ ಪ್ರದೇಶಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ತುರ್ತು ಇದ್ದರೆ ಹೊರತು, ಹಾರ್ನ್ ಕೂಡದು. ಅನಗತ್ಯವಾಗಿ ಹೊಡೆದವರಿಗೆ ಮೋಟಾರು ವಾಹನ ಕಾಯ್ದೆಯ 194ಎಫ್ ಪ್ರಕಾರ ಮೊದಲ ಸಲ 1000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 2000 ರೂಪಾಯಿ ದಂಡ. ಆದರೆ ದಂಡದ ಹೆದರಿಕೆಗಿಂತ, ಗಾಡಿಯಲ್ಲೇ ಒಂದು ಏರ್ಪಾಡು ಇದ್ದರೆ ಜನ ಪಾಲಿಸುತ್ತಾರೆ ಅನ್ನುವುದು ನನ್ನ ಅನುಭವ.

ಹಾಗಾಗಿ ಜೋರು ಹಾರ್ನ್ ಕೇಳಿ ಬಂದವರಿಗೆಲ್ಲ ಈಗ ಹೀಗೆ ಮಾಡಿಕೊಡುತ್ತೇನೆ. ಗಾಡಿಯ ಜೊತೆ ಬಂದ ಹಳೇ ಹಾರ್ನನ್ನು ತೆಗೆಯುವುದಿಲ್ಲ, ಅದರ ವೈರಿನಲ್ಲೇ ಇರಲಿ ಅಂತ ಬಿಡುತ್ತೇನೆ. ಅದೇ ಎರಡು ಕಡ್ಡಿಗಳಿಂದ ಕವಲು ತೆಗೆದು ರಿಲೇಯ 85, 86ಕ್ಕೆ ಕೊಡುತ್ತೇನೆ, ಆ ಕವಲಿನ ನಡುವೆ ಹ್ಯಾಂಡಲ್ ಪಕ್ಕ ಒಂದು ಪುಟ್ಟ ಟಾಗಲ್ ಸ್ವಿಚ್ಚು, ಮೇಲೆ ರಬ್ಬರ್ ಟೋಪಿ. ಸ್ವಿಚ್ಚು ಕೆಳಗಿದ್ದರೆ ರಿಲೇ ಮಲಗಿರುತ್ತದೆ, ಹಳೇ ಹಾರ್ನ್ ಮಾತ್ರ ಪೀಂ ಅನ್ನುತ್ತದೆ. ಮೇಲಕ್ಕೆ ಎತ್ತಿದರೆ ಶಂಖವೂ ಸೇರಿಕೊಳ್ಳುತ್ತದೆ. ಸ್ವಿಚ್ಚಿನ ಎರಡು ಪಕ್ಕಕ್ಕೂ ಬಿಳಿ ಪೇಂಟಿನಲ್ಲಿ ಬರೆದುಕೊಡುತ್ತೇನೆ, ಕೆಳಗೆ ‘ಊರು’, ಮೇಲೆ ‘ಘಾಟಿ’. ಇದಕ್ಕೆ ಹೆಚ್ಚಿಗೆ ದುಡ್ಡು ತಗೊಳ್ಳುವುದಿಲ್ಲ. ನಿಮ್ಮ ಶಾಲೆಯ ಶಿಕ್ಷಕರು, ಪೋಷಕರ ಬೈಕುಗಳಿದ್ದರೆ ಒಂದು ಭಾನುವಾರ ಹೇಳಿ, ವೈರು, ರಿಲೇ ಹಿಡಿದುಕೊಂಡು ನಾನೇ ಬರುತ್ತೇನೆ.